ಹಸಿದ ಮೇಲೆ ಹೋಟೆಲ್ ಹುಡುಕಬೇಡಿ: ಹಾಸನದ ಟ್ಯಾಕ್ಸಿ ಡ್ರೈವರ್ ಒಬ್ಬನ ದಾರಿ ಊಟದ ಲೆಕ್ಕ

ಹೆದ್ದಾರಿ ಪಕ್ಕದ ಎಷ್ಟೋ ಹೋಟೆಲ್‌ಗಳಲ್ಲಿ ಡ್ರೈವರ್‌ಗೆ ಊಟ ಫ್ರೀ. ಗಾಡಿ ತುಂಬ ಪಾರ್ಟಿ ಕರೆದುಕೊಂಡು ಬಂದರೆ ಅವನ ತಟ್ಟೆಗೆ ಬಿಲ್ ಇಲ್ಲ. ನಮ್ಮ ಲೈನಿನಲ್ಲಿ ಇದು ಎಲ್ಲರಿಗೂ ಗೊತ್ತು, ಹಿಂದಿನ ಸೀಟಿನವರಿಗೆ ಮಾತ್ರ ಗೊತ್ತಿರುವುದಿಲ್ಲ. ನಾನು ಹಾಸನದಲ್ಲಿ ಹಳದಿ ಬೋರ್ಡ್ ಗಾಡಿ ಓಡಿಸಲು ಶುರು ಮಾಡಿ ಹತ್ತೊಂಬತ್ತು ವರ್ಷವಾಯಿತು. ಅದರಲ್ಲಿ ಹದಿಮೂರು ವರ್ಷ ಆ ಫ್ರೀ ತಟ್ಟೆಯಲ್ಲೇ ಉಂಡೆ. ಬೆಳಗ್ಗೆ ಪೂರಿ ಸಾಗು, ಹನ್ನೊಂದಕ್ಕೆ ಬೋಂಡ, ಮಧ್ಯಾಹ್ನ ಗುಡ್ಡೆ ಅನ್ನ, ಸಂಜೆ ಬನ್ನು ಟೀ. ಪುಕ್ಕಟೆ ಸಿಕ್ಕಿದ್ದಕ್ಕೆ ಬೇಡ ಅನ್ನುವ ಮನುಷ್ಯ ನಾನಲ್ಲ. ಹೊಟ್ಟೆ ಸ್ಟೀರಿಂಗ್‌ಗೆ ತಾಗಿದಾಗ ಸೀಟು ಹಿಂದೆ ಸರಿಸಿಕೊಂಡೆ, ಅಷ್ಟೇ.

ಆಮೇಲೆ ಒಂದು ದಿನ ನಮ್ಮ ಸ್ಟ್ಯಾಂಡಿಗೆ ರಕ್ತ ಪರೀಕ್ಷೆ ಮಾಡುವವರು ಬಂದರು. ಎಲ್ಲರೂ ಬೆರಳು ಕೊಟ್ಟರು, ನಾನೂ ಕೊಟ್ಟೆ. ಸಕ್ಕರೆ 280 ಬಂತು. ಮೂರು ತಿಂಗಳ ಸರಾಸರಿ ತೋರಿಸುವ ಇನ್ನೊಂದು ಪರೀಕ್ಷೆ ಇದೆಯಲ್ಲ, ಅದರಲ್ಲಿ 6.5 ಮುಟ್ಟಿದರೇ ಕಾಯಿಲೆ ಅಂತ ಲೆಕ್ಕ. ನನ್ನದು 9 ದಾಟಿತ್ತು. ಡಾಕ್ಟರ್ ಮಾತ್ರೆ ಬರೆದು, "ಹೊತ್ತಿಗೆ ಸರಿಯಾಗಿ ಊಟ ಮಾಡಿ" ಅಂದರು. ಡ್ರೈವರ್‌ಗೆ ಹೇಳುವ ಮಾತಾ ಇದು? ಪಾರ್ಟಿಯವರು ಫೋಟೋ ತೆಗೆದು ಮುಗಿಸಿದಾಗ ನಮ್ಮ ಊಟದ ಹೊತ್ತು.

ಆದರೂ ಆರು ವರ್ಷದಲ್ಲಿ ಒಂದು ದಾರಿ ಮಾಡಿಕೊಂಡೆ. ಈಗ ನನ್ನ ಗಾಡಿ ಹತ್ತಿದವರಿಗೂ ಅದನ್ನೇ ಹೇಳುತ್ತೇನೆ. ಸ್ವಂತ ಕಾರಿನಲ್ಲಿ ನಮ್ಮ ಕಡೆ ಬರುವವರಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಡಿಯಾರ, ಆಮೇಲೆ ಹೋಟೆಲ್

ಟ್ರಿಪ್ಪಿನಲ್ಲಿ ಊಟ ಕೆಡುವುದೇ ಹೊತ್ತು ಮೀರಿದಾಗ. ಬೆಂಗಳೂರಿನಿಂದ ಬರುವವರನ್ನು ನೋಡಿ. ಐದಕ್ಕೆ ಹೊರಡಬೇಕು ಅಂದುಕೊಂಡು ಆರಕ್ಕೆ ಹೊರಡುತ್ತಾರೆ. ಹಾಸನಕ್ಕೆ ಸುಮಾರು 185 ಕಿಲೋಮೀಟರ್. ಹೊಟ್ಟೆಯಲ್ಲಿ ಒಂದು ಲೋಟ ಕಾಫಿ. "ಹಾಸನದಲ್ಲೇ ತಿಂಡಿ ಮಾಡೋಣ" ಅನ್ನುತ್ತಾರೆ. ನೆಲಮಂಗಲದಲ್ಲಿ ಯಾರಿಗೂ ಹಸಿವಿಲ್ಲ. ಯಡಿಯೂರಿನಲ್ಲಿ ಮಕ್ಕಳು ನಿದ್ದೆ. ಚನ್ನರಾಯಪಟ್ಟಣ ದಾಟುವಾಗ ಹಿಂದಿನ ಸೀಟಿನಲ್ಲಿ ಜಗಳ ಶುರು. ಹಾಸನದಲ್ಲಿ ಹೋಟೆಲ್ ಮುಂದೆ ನಿಲ್ಲಿಸಿದಾಗ ಒಂಬತ್ತೂಮುಕ್ಕಾಲು, ಶನಿವಾರ ಬೇರೆ, ಟೇಬಲ್ ಪಕ್ಕ ಕಾಯುವವರೇ ಇಪ್ಪತ್ತು ಜನ. ಆ ಹಸಿವಿನಲ್ಲಿ ಎರಡು ಇಡ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಸಾಲೆ ದೋಸೆ, ಉದ್ದಿನವಡೆ, ಕೇಸರಿಬಾತು, ಮೇಲೆ ಇನ್ನೊಂದು ಮಸಾಲೆ. ಅಲ್ಲಿಂದ ಬೇಲೂರಿಗೆ ನಲವತ್ತು ಕಿಲೋಮೀಟರ್ ಬರೀ ಗೊರಕೆ. ಶಿಲಾಬಾಲಿಕೆಯರನ್ನು ನೋಡಲು ಎಬ್ಬಿಸಿ ಕಳಿಸಬೇಕು.

ಇದೇ ಜನ ಎಂಟು ಗಂಟೆಗೆ ಯಡಿಯೂರಿನಲ್ಲೋ ಬೆಳ್ಳೂರು ಕ್ರಾಸಿನಲ್ಲೋ ಇಳಿದಿದ್ದರೆ ಮೂರು ಇಡ್ಲಿ, ಒಂದು ವಡೆಯಲ್ಲಿ ಅರ್ಧ, ಒಂದು ಕಾಫಿಗೆ ಮುಗಿಯುತ್ತಿತ್ತು.

ನನ್ನ ಲೆಕ್ಕ ಹೀಗೆ. ತಿಂಡಿ ಎಂಟೂವರೆಯೊಳಗೆ, ಊಟ ಒಂದೂವರೆಯೊಳಗೆ, ರಾತ್ರಿ ಊಟ ಎಂಟರ ಸುಮಾರಿಗೆ. ನಡುವೆ ಹನ್ನೊಂದಕ್ಕೊಮ್ಮೆ, ನಾಲ್ಕೂವರೆಗೊಮ್ಮೆ ಒಂದು ಹಿಡಿ ಏನಾದರೂ. ಊರು ಯಾವುದಾದರೂ ಆಗಲಿ, ಹೊತ್ತು ತಪ್ಪಬಾರದು. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಪಾರ್ಟಿಯವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ಒಂದು ಗಂಟೆಗೆ ನಾವು ಎಲ್ಲಿರುತ್ತೇವೆ? ಮುಳ್ಳಯ್ಯನಗಿರಿ ಮೇಲೆ ಅಂತಾದರೆ ಊಟ ಕೈಯಲ್ಲೇ ಇರಬೇಕು. ಚಿಕ್ಕಮಗಳೂರು ಪೇಟೆಯಲ್ಲಿ ಅಂತಾದರೆ ಚಿಂತೆ ಇಲ್ಲ. ಬೇಲೂರು ಮುಗಿಸಿ 16 ಕಿಲೋಮೀಟರ್ ದೂರದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಅಂತಾದರೆ ಬೇಲೂರಿನಲ್ಲೇ ಹನ್ನೆರಡೂವರೆಗೆ ಉಂಡು ಬಿಡಿ. "ಇನ್ನೂ ಹಸಿವಿಲ್ಲ" ಅಂದರೆ ಕಮ್ಮಿ ಉಣ್ಣಿ. ಕಮ್ಮಿ ಉಣ್ಣುವುದಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಇನ್ನೊಂದಿಲ್ಲ.

ಡಿಕ್ಕಿಯಲ್ಲಿ ಏನಿರಬೇಕು

ನನ್ನ ಗಾಡಿಯಲ್ಲಿ ಮುಂದಿನ ಸೀಟಿನ ಕೆಳಗೆ ಒಂದು ಸ್ಟೀಲ್ ಡಬ್ಬಿ ಯಾವಾಗಲೂ ಇರುತ್ತದೆ. ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ, ಅದಕ್ಕೆ ಸಣ್ಣಗೆ ಹೆಚ್ಚಿದ ಒಣಕೊಬ್ಬರಿ. ತಿಪಟೂರು, ಅರಸೀಕೆರೆ ಪಕ್ಕದಲ್ಲಿದ್ದು ಕೊಬ್ಬರಿ ಇಲ್ಲದಿದ್ದರೆ ಹೇಗೆ ಅಲ್ವಾ? ಒಂದು ಹಿಡಿ ತಿಂದು ನೀರು ಕುಡಿದರೆ ಎರಡು ಗಂಟೆ ಹೊಟ್ಟೆ ಸುಮ್ಮನಿರುತ್ತದೆ. ಬಿಸ್ಕತ್ತು ಪ್ಯಾಕ್ ಹಾಗಲ್ಲ. ಹತ್ತು ಬಿಸ್ಕತ್ತು ಹೋದದ್ದೇ ಗೊತ್ತಾಗುವುದಿಲ್ಲ, ಅರ್ಧ ಗಂಟೆಗೆ ಮತ್ತೆ ಕೈ ಡಬ್ಬಿಗೆ. ಮೈದಾ, ಸಕ್ಕರೆ, ಎಣ್ಣೆ, ಇನ್ನೇನಿದೆ ಅದರಲ್ಲಿ?

ಇದರ ಜೊತೆಗೆ ಏಲಕ್ಕಿ ಬಾಳೆ, ಸೀಬೆ, ಸೌತೆಕಾಯಿ. ಸಿಪ್ಪೆ ಇರುವುದನ್ನೇ ತೆಗೆದುಕೊಳ್ಳಿ, ನೀವೇ ತೊಳೆದು ನೀವೇ ಹೆಚ್ಚಿ. ಹೆಚ್ಚಿ ಪ್ಲೇಟಿನಲ್ಲಿ ಜೋಡಿಸಿಟ್ಟ ಹಣ್ಣನ್ನು ನಾನು ಮುಟ್ಟುವುದಿಲ್ಲ. ಚಾಕು ಯಾವ ನೀರಿನಲ್ಲಿ ತೊಳೆದರು ಅಂತ ಒಮ್ಮೆ ನೋಡಿದರೆ ನೀವೂ ಮುಟ್ಟುವುದಿಲ್ಲ.

ಬುತ್ತಿ ಕಟ್ಟುವವರಿಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲೇ ಜನ ಎಡವುವುದು. ಮನೆ ಊಟ ಅಂದ ಮಾತ್ರಕ್ಕೆ ಒಳ್ಳೆಯದು ಅಂತ ಅಲ್ಲ. ಏಪ್ರಿಲ್ ತಿಂಗಳಲ್ಲಿ ಹಳೇಬೀಡಿನಲ್ಲಿ ಕಿಟಕಿ ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೈ ಹಾಕಿ ನೋಡಿ, ಒಲೆ ಮುಂದೆ ಕೂತ ಹಾಗಿರುತ್ತದೆ. ಬೇಯಿಸಿದ ಅನ್ನ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, 32 ಡಿಗ್ರಿ ದಾಟಿದ ಬಿಸಿಲಿನಲ್ಲಿ ಒಂದೇ ಗಂಟೆ. ಅನ್ನದಲ್ಲಿ ಉಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬೆಚ್ಚಗಿನ ಜಾಗದಲ್ಲಿ ಬೆಳೆದು ವಿಷ ಬಿಡುತ್ತದೆ. ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೆಳಗ್ಗೆ ಕಟ್ಟಿದ ಚಿತ್ರಾನ್ನವನ್ನು ಮೂರು ಗಂಟೆಗೆ ತಿಂದು, ರಾತ್ರಿಯೆಲ್ಲ ಹೋಂಸ್ಟೇ ಬಚ್ಚಲು ಕಾದವರನ್ನು ನಾನು ನೋಡಿದ್ದೇನೆ.

ಹಾಗಾಗಿ ಅನ್ನ ಕಟ್ಟಿದರೆ ಅದು ಬೆಳಗಿನ ತಿಂಡಿಗೇ ಮುಗಿಯಬೇಕು. ಮಧ್ಯಾಹ್ನಕ್ಕೆ ರೊಟ್ಟಿ. ನಮ್ಮ ಮನೆಯಲ್ಲಿ ರಾಗಿ ರೊಟ್ಟಿಗೆ ಈರುಳ್ಳಿ, ನುಗ್ಗೆ ಸೊಪ್ಪು ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಬಿಸಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಬೇಕು. ಬಿಸಿಯಲ್ಲೇ ಡಬ್ಬಿಗೆ ಹಾಕಿದರೆ ಬೆವರಿ ಮೆತ್ತಗಾಗಿ ಹಳಸುತ್ತದೆ. ಒಂದು ದೂರದ ಟ್ರಿಪ್ ಆದರೆ ಈರುಳ್ಳಿಯನ್ನೂ ಬಿಟ್ಟು ಬರೀ ಒಣ ರೊಟ್ಟಿ. ಕಾಯಿ ಚಟ್ನಿ ಬೇಡವೇ ಬೇಡ, ಎಲ್ಲಕ್ಕಿಂತ ಮೊದಲು ಕೆಡುವುದು ಅದೇ. ಹುಚ್ಚೆಳ್ಳು ಚಟ್ನಿ ಪುಡಿ ಇಲ್ಲವೇ ಅಗಸೆ ಚಟ್ನಿ ಪುಡಿ ತನ್ನಿ. ತಿಂಗಳಾದರೂ ಏನೂ ಆಗುವುದಿಲ್ಲ. ಮೊಸರನ್ನು ದಾರಿಯಲ್ಲಿ ಕೊಂಡು ಅಲ್ಲೇ ಮುಗಿಸಿ.

ಹೋಟೆಲ್‌ನಲ್ಲಿ ಏನು ಕೇಳಬೇಕು

ಮೊದಲನೆಯದು, ಬಾಡಿಗೆ ಗಾಡಿಯಲ್ಲಿ ಬಂದಿದ್ದರೆ ಡ್ರೈವರ್‌ನನ್ನು "ಒಳ್ಳೆ ಹೋಟೆಲ್ ಯಾವುದು?" ಅಂತ ಕೇಳಬೇಡಿ. "ನಿಮ್ಮ ದುಡ್ಡಲ್ಲಿ ನೀವು ಉಣ್ಣುವುದು ಎಲ್ಲಿ?" ಅಂತ ಕೇಳಿ. ಉತ್ತರ ಬೇರೆ ಬರುತ್ತದೆ. ಹೆಚ್ಚಿನ ಸಲ ಅದು ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯ ಮೆಸ್ಸು ಆಗಿರುತ್ತದೆ. ಅಲ್ಲಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಬಸ್ಸಾರು, ಉಪ್ಪುಸಾರು ಸಿಗುತ್ತದೆ. ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಅಂತ ಕೆಲವರು ನಂಬಿದ್ದಾರೆ. ಸುಳ್ಳು. ಮೂರು ಮುದ್ದೆ ನುಂಗಿ ನಾನೇ ನೋಡಿದ್ದೇನೆ, ಚೆನ್ನಾಗಿಯೇ ಏರುತ್ತದೆ. ಒಂದು ಮುದ್ದೆ, ಎರಡು ಬಟ್ಟಲು ಸಾರು, ಕಾಳನ್ನು ಬಿಡದೆ ತಿನ್ನಿ. ಹೊಟ್ಟೆ ತುಂಬಿಸುವ ಕೆಲಸ ಕಾಳಿನದು.

ಮುದ್ದೆ ಇಲ್ಲದ ಕಡೆ ನನ್ನದೊಂದೇ ಮಾತು, "ಅನ್ನ ಕಮ್ಮಿ, ಪಲ್ಯ ಜಾಸ್ತಿ." ಬಡಿಸುವವರು ಮೊದಲು ವಿಚಿತ್ರವಾಗಿ ನೋಡುತ್ತಿದ್ದರು. ಈಗ ನಾನು ಕೂರುವ ಮುಂಚೆಯೇ ಪಲ್ಯದ ಬಕೆಟ್ ಬರುತ್ತದೆ. ಆದರೆ ಹಾಸನದಲ್ಲಿ ಪಲ್ಯ ಅಂದರೆ ಆಲೂಗಡ್ಡೆ ಆಗುವ ಸಂಭವ ಜಾಸ್ತಿ, ನಮ್ಮ ಬೆಳೆಯೇ ಅದು. ಆಲೂಗಡ್ಡೆ ಪಲ್ಯ, ಅನ್ನ, ಹಪ್ಪಳ ಮೂರೂ ಒಂದೇ ಜಾತಿ. ಹಾಗಾಗಿ "ಏನು ಪಲ್ಯ?" ಅಂತ ಮೊದಲೇ ಕೇಳಿಕೊಳ್ಳಿ. ಹುರುಳಿಕಾಯಿ, ಕೋಸು, ಬೀಟ್‌ರೂಟ್, ಸೊಪ್ಪು ಯಾವುದಾದರೂ ಸರಿ. ಕೋಸಂಬರಿ ಇದ್ದರೆ ಎರಡು ಸಲ ಹಾಕಿಸಿಕೊಳ್ಳಿ, ನಾಚಿಕೆ ಬೇಡ. ಉಪ್ಪಿನಕಾಯಿ, ಹಪ್ಪಳದ ವಿಷಯ ನಿಮಗೇ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಅನ್ನುತ್ತದೆ. ಅಂದರೆ ಸುಮಾರು ಒಂದು ಟೀ ಚಮಚ. ಹೋಟೆಲ್ ಸಾಂಬಾರಿನಲ್ಲೇ ಅದರ ಬಹುಪಾಲು ಬಂದುಬಿಡುತ್ತದೆ.

ಬೆಳಗ್ಗೆ ಇಡ್ಲಿ, ಕಡುಬು, ಅಕ್ಕಿ ರೊಟ್ಟಿ, ಸೆಟ್ ದೋಸೆ ಇಷ್ಟರಲ್ಲಿ ಯಾವುದಾದರೂ. ಪೂರಿ ಬಿಟ್ಟು ಆರು ವರ್ಷವಾಯಿತು. ಹೇಳಿದಷ್ಟು ಸುಲಭ ಆಗಿರಲಿಲ್ಲ.

ಇನ್ನು ಕಾಫಿ. ಬಾಬಾ ಬುಡನ್ ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರು ಅನ್ನುವ ಕತೆ ಕೇಳಿದ ಮೇಲೆ ಚಿಕ್ಕಮಗಳೂರಿನಲ್ಲಿ ಕಾಫಿ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಕುಡಿಯಿರಿ. ಸಕ್ಕರೆ ಮಾತ್ರ ಬೇರೆ ಕೊಡಿ ಅನ್ನಿ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟ ಅಂದರೆ ಎಂಟು ಚಮಚ. ನಾನು ಮೊದಲು ಒಂದು ಚಮಚಕ್ಕೆ ಇಳಿಸಿದೆ, ಆಮೇಲೆ ಅರ್ಧಕ್ಕೆ. ಈಗ ಸಕ್ಕರೆ ಹಾಕಿದರೆ ಕಾಫಿಯ ರುಚಿಯೇ ಸಿಗುವುದಿಲ್ಲ. ತಂಪು ಪಾನೀಯದ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು ಅಂತ ಅಚ್ಚಾಗಿರುತ್ತದೆ. ಕೋಲಾ ಆದರೆ 100 ಮಿಲಿಲೀಟರ್‌ಗೆ ಸುಮಾರು 10 ಗ್ರಾಂ. ಒಂದು 250ರ ಬಾಟಲಿ ಕುಡಿದರೆ 25 ಗ್ರಾಂ. ದಿನಕ್ಕೆ ಹೊರಗಿನ ಸಕ್ಕರೆ ಅಷ್ಟರೊಳಗಿದ್ದರೆ ಒಳ್ಳೆಯದು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು.

ಘಾಟಿ ಇಳಿಯುವ ಮುಂಚೆ

ಚಾರ್ಮಾಡಿ ಇಳಿಯುವವರು ಕೊಟ್ಟಿಗೆಹಾರದಲ್ಲಿ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಅಲ್ಲಿಯ ನೀರುದೋಸೆಗೆ ಹೆಸರಿದೆ. ತಿನ್ನಿ, ಆದರೆ ಎರಡು ಮೂರಕ್ಕೆ ಸಾಕು ಮಾಡಿ, ಅರ್ಧ ಗಂಟೆ ಓಡಾಡಿ, ಆಮೇಲೆ ಗಾಡಿ ಹತ್ತಿ. ಒಮ್ಮೆ ಒಬ್ಬ ಹುಡುಗ ಅಲ್ಲಿ ಚಿಪ್ಸು, ಚಾಕೊಲೇಟು, ಕಿತ್ತಳೆ ಬಣ್ಣದ ಜ್ಯೂಸು ಎಲ್ಲ ಮುಗಿಸಿ ಮೊಬೈಲ್ ಹಿಡಿದು ಕೂತ. ನಾಲ್ಕನೇ ತಿರುವಿಗೆ ಎಲ್ಲ ನನ್ನ ಸೀಟಿನ ಹಿಂದೆ ಬಂತು. ಅವನ ತಾಯಿ ಹತ್ತು ಸಲ ಸಾರಿ ಕೇಳಿದರು, ವಾಸನೆ ಮಾತ್ರ ಒಂದು ವಾರ ಹೋಗಲಿಲ್ಲ.

ವಾಂತಿ ಬರುವವರು ಖಾಲಿ ಹೊಟ್ಟೆಯಲ್ಲೂ ಘಾಟಿ ಇಳಿಯಬಾರದು, ತುಂಬಿದ ಹೊಟ್ಟೆಯಲ್ಲೂ ಇಳಿಯಬಾರದು. ಎಣ್ಣೆ ಪದಾರ್ಥ ಬೇಡ. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಬೇಕು, ಫೋನ್ ನೋಡಬಾರದು. ಬಾಯಲ್ಲಿ ಒಂದು ಚೂರು ಹಸಿ ಶುಂಠಿ ಇಟ್ಟುಕೊಂಡರೆ ಎಷ್ಟೋ ಜನರಿಗೆ ಹಿಡಿಸುತ್ತದೆ. ದಾರಿಯಲ್ಲಿ ಕೋತಿಗಳಿಗೆ ಏನನ್ನೂ ಹಾಕಬೇಡಿ. ಒಂದಕ್ಕೆ ಹಾಕಿದರೆ ಹತ್ತು ಬಂದು ನಿಮ್ಮ ಬುತ್ತಿಯನ್ನೇ ಹೊತ್ತುಕೊಂಡು ಹೋಗುತ್ತವೆ.

ಶಿರಾಡಿಯ ಕತೆ ಬೇರೆ. ಸಕಲೇಶಪುರ ದಾಟಿದ ಮೇಲೆ ಮಳೆಗಾಲದಲ್ಲಿ ಯಾವಾಗ ಮಣ್ಣು ಕುಸಿಯುತ್ತದೆ, ಯಾವಾಗ ಟ್ಯಾಂಕರ್ ಅಡ್ಡ ನಿಲ್ಲುತ್ತದೆ ಹೇಳಲು ಬರುವುದಿಲ್ಲ. ಸಕ್ಕರೆ ಕಾಯಿಲೆ ಗೊತ್ತಾದ ಮೊದಲ ವರ್ಷ, ಜುಲೈ ತಿಂಗಳು. ಬೆಳಗ್ಗೆ ಮಾತ್ರೆ ನುಂಗಿದ್ದೆ. ಗುಂಡ್ಯದಲ್ಲಿ ತಿಂಡಿ ಮಾಡೋಣ ಅಂದುಕೊಂಡು ಸಕಲೇಶಪುರದಲ್ಲಿ ನಿಲ್ಲಿಸಲಿಲ್ಲ. ಘಾಟಿಯ ನಡುವೆ ಸಾಲು ನಿಂತಿತು. ಒಂದು ಗಂಟೆ ಆಯಿತು, ಎರಡು ಆಯಿತು. ಹತ್ತೂವರೆಗೆ ಕೈ ನಡುಗಲು ಶುರುವಾಯಿತು. ಮಳೆ ಹೊಡೆಯುತ್ತಿದೆ, ಎಸಿ ಇದೆ, ನಾನು ಮಾತ್ರ ಬೆವರುತ್ತಿದ್ದೇನೆ. ಎದೆ ಡವಡವ. ಮುಂದಿನ ಲಾರಿಯ ನಂಬರ್ ಪ್ಲೇಟ್ ಎರಡೆರಡಾಗಿ ಕಾಣುತ್ತಿತ್ತು. ಗಾಡಿ ಓಡುತ್ತಿದ್ದಾಗ ಇದು ಆಗಿದ್ದರೆ? ಹಿಂದೆ ಕೂತಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿ ಚೀಲದಿಂದ ಬೆಲ್ಲದ ಅಚ್ಚು ತೆಗೆದು ಕೊಟ್ಟರು. ಅವರ ಯಜಮಾನರಿಗೂ ಹೀಗೇ ಆಗುತ್ತಿತ್ತಂತೆ. ಹದಿನೈದು ನಿಮಿಷದಲ್ಲಿ ಸರಿಹೋದೆ. ಸಾಲು ಕರಗಿದ್ದು ಮಾತ್ರ ಮಧ್ಯಾಹ್ನ ಒಂದೂವರೆಗೆ.

ಮಾತ್ರೆ ನುಂಗಿ ಏನೂ ತಿನ್ನದೆ ಇದ್ದದ್ದಕ್ಕೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದುಬಿಟ್ಟಿತ್ತು. ಸಕ್ಕರೆ ಕಾಯಿಲೆಯ ಎಲ್ಲ ಮಾತ್ರೆಗಳೂ ಹೀಗೆ ಮಾಡುವುದಿಲ್ಲ. ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳು ಮಾಡುತ್ತವೆ. ನಿಮ್ಮದು ಯಾವುದು ಅಂತ ಟ್ರಿಪ್ಪಿಗೆ ಮುಂಚೆ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಕೈಗೆ ಸಿಗುವ ಕಡೆ ಸಕ್ಕರೆ ಇಲ್ಲವೇ ಗ್ಲೂಕೋಸ್ ಪುಡಿ ಇರಲಿ. ನಡುಕ, ಬೆವರು ಬಂದರೆ ಗಾಡಿ ಪಕ್ಕಕ್ಕೆ ಹಾಕಿ, ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ತೆಗೆದುಕೊಂಡು ಹದಿನೈದು ನಿಮಿಷ ಕಾಯಿರಿ. ಕಮ್ಮಿ ಆಗದಿದ್ದರೆ ಮತ್ತೊಮ್ಮೆ. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಸರಿಹೋದ ಮೇಲೆ ಸರಿಯಾಗಿ ಏನಾದರೂ ತಿಂದೇ ಮುಂದೆ ಹೊರಡಿ. ಅವತ್ತಿನಿಂದ ಸಕಲೇಶಪುರದಲ್ಲಿ ತಿನ್ನದೆ ನಾನು ಶಿರಾಡಿಗೆ ಇಳಿದಿಲ್ಲ.

ನೀರಿನ ವಿಷಯ

ಹೆಂಗಸರು ಟ್ರಿಪ್ಪಿನಲ್ಲಿ ನೀರು ಕುಡಿಯುವುದಿಲ್ಲ. ಕನ್ನಡಿಯಲ್ಲಿ ಇಷ್ಟು ವರ್ಷ ನೋಡಿದ್ದೇನೆ. ಕಾರಣ ಕೇಳಬೇಕಾಗಿಲ್ಲ, ಶೌಚಾಲಯದ ಚಿಂತೆ. ಸಂಜೆ ಹೊತ್ತಿಗೆ ತಲೆನೋವು, ಉರಿಮೂತ್ರ. ಇದಕ್ಕೆ ನೀರಿನ ಬಾಟಲಿ ಕೊಟ್ಟರೆ ಸಾಲದು, ನಿಲ್ಲಿಸುವ ಜಾಗ ಹೇಳಬೇಕು. ನಾನು ಹೊರಡುವಾಗಲೇ ಹೇಳಿಬಿಡುತ್ತೇನೆ: ಹಾಸನ ಬಸ್ ಸ್ಟ್ಯಾಂಡ್, ಬೇಲೂರು ಬಸ್ ಸ್ಟ್ಯಾಂಡ್, ಆಮೇಲೆ ಚಿಕ್ಕಮಗಳೂರು. ನಡುವೆ ಪೆಟ್ರೋಲ್ ಬಂಕ್ ಬಂದರೆ ಕೇಳದೆ ನಿಲ್ಲಿಸುತ್ತೇನೆ. ಬೇಲೂರಿನಿಂದ ಚಿಕ್ಕಮಗಳೂರಿಗೆ ಸುಮಾರು 25 ಕಿಲೋಮೀಟರ್, ಮುಕ್ಕಾಲು ಗಂಟೆ ಅಂತ ಗೊತ್ತಾದರೆ ಅವರೇ ಧೈರ್ಯವಾಗಿ ಕುಡಿಯುತ್ತಾರೆ.

ಚನ್ನರಾಯಪಟ್ಟಣ, ಅರಸೀಕೆರೆ, ಕಡೂರು ಈ ಕಡೆಯೆಲ್ಲ ತೆಂಗಿನ ಸೀಮೆ. ಎಳನೀರಿಗೆ ಅಲ್ಲೇ ನಿಲ್ಲಿಸಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರ್ ಹತ್ತಿರ ಕೇಳಿ ಕುಡಿಯಿರಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಶ್ರವಣಬೆಳಗೊಳದಲ್ಲಿ ಊಟ ಮಾಡಿ ಬೆಟ್ಟ ಹತ್ತುವವರನ್ನು ನೋಡಿದರೆ ನನಗೆ ಪಾಪ ಅನ್ನಿಸುತ್ತದೆ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಚಪ್ಪಲಿ ಹಾಕುವ ಹಾಗಿಲ್ಲ, ಹನ್ನೊಂದು ದಾಟಿದರೆ ಬಂಡೆ ಕಾದ ಹೆಂಚು. ಬೆಳಗ್ಗೆ ಎರಡು ಬಾಳೆಹಣ್ಣು ತಿಂದು ಏಳಕ್ಕೆ ಹತ್ತಿ, ಇಳಿದು ಬಂದು ತಿಂಡಿ ಮಾಡಿ. ಆ ಇಡ್ಲಿಯ ರುಚಿಯೇ ಬೇರೆ.

ಹೊರನಾಡು, ಧರ್ಮಸ್ಥಳ, ಶೃಂಗೇರಿ ಕಡೆ ಹೋಗುವವರು ದೇವಸ್ಥಾನದ ಪಂಕ್ತಿಯಲ್ಲೇ ಉಣ್ಣಿ. ಅನ್ನ, ಸಾರು, ಸಾಂಬಾರು ಎಲ್ಲ ಬಿಸಿಬಿಸಿ, ಎಣ್ಣೆ ಕಮ್ಮಿ. ಬಡಿಸುವವರು ಬೇಗ ಬೇಗ ಹಾಕಿಕೊಂಡು ಹೋಗುತ್ತಾರೆ, ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಕಲಿತಿರಬೇಕು. ಪಾಯಸ ಪ್ರಸಾದ ಅಂತ ನಾನೂ ಒಂದು ಸೌಟು ಹಾಕಿಸಿಕೊಳ್ಳುತ್ತೇನೆ. ಎರಡನೇ ಸಲಕ್ಕೆ ಕೈ ಅಡ್ಡ.

ಊಟ ಆದ ಮೇಲೆ ನಡೆಯಿರಿ. ಮೊದಲೆಲ್ಲ ಪಾರ್ಟಿ ಹೊಯ್ಸಳೇಶ್ವರ ನೋಡುವಷ್ಟು ಹೊತ್ತು ನಾನು ಸೀಟು ಮಲಗಿಸಿ ನಿದ್ದೆ ಹೊಡೆಯುತ್ತಿದ್ದೆ. ಈಗ ಬಸ್ತಿಹಳ್ಳಿಯ ಜೈನ ಬಸದಿಗಳವರೆಗೆ ನಡೆದು ವಾಪಸ್ ಬರುತ್ತೇನೆ. ಹದಿಮೂರು ವರ್ಷ ಪಕ್ಕದಲ್ಲೇ ಗಾಡಿ ನಿಲ್ಲಿಸಿದ್ದರೂ ಆ ಬಸದಿಯ ನುಣುಪಾದ ಕಂಬಗಳನ್ನು ನಾನು ನೋಡಿದ್ದು ಸಕ್ಕರೆ ಕಾಯಿಲೆ ಬಂದ ಮೇಲೆ.

ಮೆಣಸಿನಕಾಯಿ ಬಜ್ಜಿ ಬಗ್ಗೆ ಏನೂ ಹೇಳಲಿಲ್ಲ ಅಂತ ಕೇಳಬಹುದು. ಮುಳ್ಳಯ್ಯನಗಿರಿಯಿಂದ ಇಳಿದಾಗ, ಮಂಜು ಮುಸುಕಿ ಸೋನೆ ಮಳೆ ಹಿಡಿದಾಗ ನಾನೂ ತಿನ್ನುತ್ತೇನೆ. ನಾಲ್ಕು ಜನಕ್ಕೆ ಒಂದು ಪ್ಲೇಟ್. ಬಾಣಲೆಯ ಎಣ್ಣೆ ಕಪ್ಪಾಗಿ ನೊರೆ ಕಟ್ಟಿದ್ದರೆ ಮುಂದಿನ ಗಾಡಿಗೆ ಹೋಗಿ.

ಕೊನೆಗೆ ವಾಪಸ್ ಹೋಗುವ ದಿನ. ಎರಡು ದಿನ ಸರಿಯಾಗಿ ತಿಂದವರೂ ಇಲ್ಲಿ ಕೆಡಿಸಿಕೊಳ್ಳುತ್ತಾರೆ. ಭಾನುವಾರ ಸಂಜೆ ಚಿಕ್ಕಮಗಳೂರು ಬಿಟ್ಟು, "ಬೆಂಗಳೂರಿಗೆ ಹೋಗಿಯೇ ಊಟ ಮಾಡೋಣ" ಅನ್ನುತ್ತಾರೆ. ನೆಲಮಂಗಲದ ಟ್ರಾಫಿಕ್‌ನಲ್ಲಿ ಹತ್ತು ಗಂಟೆ ಆಗಿರುತ್ತದೆ, ಕೈಯಲ್ಲಿ ಚಿಪ್ಸ್ ಪ್ಯಾಕೆಟ್. ಮನೆ ಮುಟ್ಟಿ ಹನ್ನೊಂದೂವರೆಗೆ ಬಿರಿಯಾನಿ ತರಿಸುತ್ತಾರೆ. ಏಳೂವರೆಗೆ ಹಾಸನದಲ್ಲಿ ಇಳಿಯಿರಿ. ಎರಡು ಚಪಾತಿ, ಪಲ್ಯ, ಒಂದು ಲೋಟ ಮಜ್ಜಿಗೆ. ಇಪ್ಪತ್ತು ನಿಮಿಷದ ಕೆಲಸ.